ಜೈಪುರದಲ್ಲಿ ಎರಡೂವರೆ ದಿನ, ಜೊತೆಗೆ ಅಮ್ಮ: ಏನು ನೋಡಬೇಕು, ಏನು ಬಿಡಬೇಕು?

ಡಿಸೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಜೈಪುರಕ್ಕೆ ಹೊರಟಿದ್ದೀರಿ. ಇರುವುದು ಎರಡೂವರೆ ದಿನ, ಅಮ್ಮನಿಗೆ ಮಂಡಿನೋವು. ಕೋಟೆ, ಅರಮನೆ, ಬಜಾರು ಎಲ್ಲಾ ಮುಗಿಸಬಹುದಾ ಎಂದು ಕೇಳಿದ್ದೀರಿ. ನಮ್ಮ ಯಜಮಾನರ ಕೆಲಸದಿಂದಾಗಿ ನಾನು ಮೂರು ವರ್ಷ ಆ ಊರಲ್ಲಿದ್ದೆ. ತುಮಕೂರಿನಿಂದ ನಮ್ಮಮ್ಮನೂ ಬಂದು ಹದಿನೈದು ದಿನ ಇದ್ದು ಹೋದರು. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ: ಅಲ್ಲಿರುವ ಮೂರು ಕೋಟೆಗಳಲ್ಲಿ ಒಂದನ್ನು ಮಾತ್ರ ನೋಡಿ. ಮಿಕ್ಕ ಹೊತ್ತನ್ನೆಲ್ಲ ಹಳೇ ಊರಿಗೆ ಇಟ್ಟುಕೊಳ್ಳಿ.

ಟ್ಯಾಕ್ಸಿಯವರು ಒಂದೇ ದಿನಕ್ಕೆ ಆಮೇರ್, ಜೈಗಢ, ನಾಹರ್‌ಗಢ ಮೂರೂ ಕೋಟೆ, ಜೊತೆಗೆ ಕೆರೆ ನಡುವಿನ ಜಲಮಹಲ್ ಅರಮನೆ ಎಲ್ಲಾ ತೋರಿಸುತ್ತೇವೆ ಅನ್ನುತ್ತಾರೆ. ತೋರಿಸುತ್ತಾರೆ ಕೂಡ. ಆದರೆ ಸಂಜೆ ಹೊತ್ತಿಗೆ ಯಾವ ಗೋಡೆ ಯಾವ ಕೋಟೆಯದು ಅಂತಲೇ ನೆನಪಿರುವುದಿಲ್ಲ. ಮಂಡಿನೋವಿರುವವರಿಗಂತೂ ಅದು ಶಿಕ್ಷೆ.

ಹಳೇ ಊರಿನಿಂದಲೇ ಶುರು ಮಾಡಿ. 1727ರಲ್ಲಿ ರಾಜ ಸವಾಯಿ ಜೈಸಿಂಗ್ ತನ್ನ ರಾಜಧಾನಿಯನ್ನು ಆಮೇರ್ ಬೆಟ್ಟದಿಂದ ಈ ಬಯಲಿಗೆ ತಂದ. ವಿದ್ಯಾಧರ ಭಟ್ಟಾಚಾರ್ಯ ಎಂಬ ಬಂಗಾಳಿ ವಿದ್ವಾಂಸ ಊರಿನ ನಕ್ಷೆ ಹಾಕಿದ. ಮೊದಲೇ ಅಳತೆ ಹಿಡಿದು, ಗೆರೆ ಎಳೆದು, ಆಮೇಲೆ ಕಟ್ಟಿದ ಊರು ಅದು. ದೊಡ್ಡ ರಸ್ತೆಗಳು ಕೂಡುವ ಚೌಕಕ್ಕೆ ಅಲ್ಲಿ 'ಚೌಪಡ್' ಅನ್ನುತ್ತಾರೆ. ಚೌಪಡ್ ಎಂದರೆ ನಮ್ಮ ಪಗಡೆ. ಪಗಡೆ ಹಾಸಿನ ಹಾಗೆ ನಾಲ್ಕೂ ಕಡೆಗೆ ನೇರವಾದ ರಸ್ತೆ. ಗೋಡೆಯೊಳಗಿನ ಆ ಇಡೀ ಊರೇ 2019ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹಾಗಿದ್ದೂ ತುಂಬಾ ಜನ ಅದನ್ನು ಕಾರಿನ ಕಿಟಕಿಯಿಂದ ನೋಡಿ ಮುಗಿಸುತ್ತಾರಲ್ಲ ಅಂತ ನನಗೆ ಸಂಕಟ.

ಬೆಳಿಗ್ಗೆ ಏಳೂವರೆಗೆ ಬಡೀ ಚೌಪಡ್‌ಗೆ ಹೋಗಿ. ಮೆಟ್ರೋ ಅಲ್ಲಿಯವರೆಗೂ ಬರುತ್ತದೆ. ಅಷ್ಟು ಹೊತ್ತಿಗೆ ಅಂಗಡಿಗಳು ತೆರೆದಿರುವುದಿಲ್ಲ, ವಾಹನಗಳೂ ಕಡಿಮೆ. ಬಜಾರಿನ ಉದ್ದಕ್ಕೂ ಒಂದೇ ಎತ್ತರ, ಒಂದೇ ಬಣ್ಣ, ಒಂದೇ ಥರದ ಕಮಾನು ಇರುವುದು ಆಗಲೇ ಕಣ್ಣಿಗೆ ಬೀಳುವುದು. ಹತ್ತು ಗಂಟೆ ಆದಮೇಲೆ ಬೋರ್ಡು, ಬಟ್ಟೆ, ಸ್ಕೂಟರ್‌ಗಳ ಹಿಂದೆ ಎಲ್ಲಾ ಮರೆಯಾಗುತ್ತದೆ. ಗುಲಾಬಿ ನಗರ ಅಂತ ಹೆಸರಿದ್ದರೂ ಬಣ್ಣ ನಮ್ಮ ಕೆಮ್ಮಣ್ಣಿಗೆ ಹತ್ತಿರ. 1876ರಲ್ಲಿ ಬ್ರಿಟನ್ನಿನ ಯುವರಾಜ ಬರುತ್ತಾನೆ ಎಂದು ಊರಿಗೆಲ್ಲಾ ಬಳಿಸಿದ ಬಣ್ಣ ಅದು. ಪಾರಿವಾಳಕ್ಕೆ ಕಾಳು ಹಾಕುವವರು, ಬಾಣಲೆಯಿಂದ ಆಗತಾನೇ ತೆಗೆದ ಈರುಳ್ಳಿ ಕಚೋರಿ, ಬಿಸಿ ಚಹಾ. ಅಮ್ಮನಿಗೆ ಸ್ವೆಟರ್, ಕಾಲುಚೀಲ, ಶಾಲು ಮೂರೂ ಇರಲಿ. ಡಿಸೆಂಬರ್ ಬೆಳಗಿನ ಚಳಿ ಅಲ್ಲಿ ಜಾಸ್ತಿ.

ಹವಾ ಮಹಲ್ ಅಲ್ಲೇ ಪಕ್ಕದಲ್ಲಿದೆ. ಅದರ ಮುಖ ಪೂರ್ವಕ್ಕಿದೆ, ಹಾಗಾಗಿ ಫೋಟೋಗೆ ಬೆಳಗಿನ ಬಿಸಿಲೇ ಚೆನ್ನ. 1799ರಲ್ಲಿ ರಾಜ ಪ್ರತಾಪ್ ಸಿಂಗ್ ಕಟ್ಟಿಸಿದ್ದು, 953 ಕಿಟಕಿಗಳು. ಬಾಗಿಲು ಹಿಂದಿನ ಬೀದಿಯಲ್ಲಿದೆ, ಒಳಗೂ ಖಂಡಿತ ಹೋಗಿ. ಮೇಲಿನ ಅಂತಸ್ತುಗಳಿಗೆ ಮೆಟ್ಟಿಲಿನ ಬದಲು ಇಳಿಜಾರು ದಾರಿ ಇರುವುದರಿಂದ ನಿಧಾನವಾಗಿ ನಡೆದರೆ ಅಮ್ಮನೂ ಹತ್ತಬಹುದು.

ಅಲ್ಲಿಂದ ಜಂತರ್ ಮಂತರ್, ಅಂದರೆ ಸೂರ್ಯ, ನಕ್ಷತ್ರಗಳನ್ನು ಅಳೆಯಲು ಕಟ್ಟಿದ ದೊಡ್ಡ ದೊಡ್ಡ ಯಂತ್ರಗಳ ಅಂಗಳ. ಇಲ್ಲಿ ಮಾತ್ರ ದಯವಿಟ್ಟು ಆತುರ ಮಾಡಬೇಡಿ. ಬಿಸಿಲು ಚೆನ್ನಾಗಿ ಬಿದ್ದಮೇಲೆ, ಹನ್ನೊಂದು ಗಂಟೆ ಹೊತ್ತಿಗೆ ಹೋಗಿ. 27 ಮೀಟರ್ ಎತ್ತರದ ಸಾಮ್ರಾಟ್ ಯಂತ್ರ ಎಂದರೆ ಕಲ್ಲಲ್ಲಿ ಕಟ್ಟಿದ ನೆರಳಿನ ಗಡಿಯಾರ. ಅದರ ನೆರಳಿನ ಅಂಚು ಅಮೃತಶಿಲೆಯ ಗೆರೆಗಳ ಮೇಲೆ ಬೀಳುವ ಕಡೆ ಹೋಗಿ ಸುಮ್ನೆ ಒಂದು ನಿಮಿಷ ನಿಂತುಕೊಳ್ಳಿ. ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್, ನಿಮಿಷಕ್ಕೆ ನಾಲ್ಕು ಬೆರಳಿನಷ್ಟು ನೆರಳು ಸರಿಯುತ್ತದೆ. ನಿಮ್ಮ ಕಣ್ಣೆದುರಿಗೇ! ಭೂಮಿ ತಿರುಗುವುದನ್ನು ಅಷ್ಟು ಹತ್ತಿರದಿಂದ ನಾನು ಇನ್ನೆಲ್ಲೂ ನೋಡಿಲ್ಲ. ಅದು ತೋರಿಸುವ ಹೊತ್ತು ನಿಮ್ಮ ವಾಚಿಗೆ ಹೊಂದುವುದಿಲ್ಲ, ಗಾಬರಿಯಾಗಬೇಡಿ. ನಮ್ಮ ವಾಚು ಇಡೀ ದೇಶಕ್ಕೆ ಒಂದೇ ಹೊತ್ತು ತೋರಿಸುತ್ತದೆ, ಈ ಯಂತ್ರ ತೋರಿಸುವುದು ಜೈಪುರದ ಸೂರ್ಯನ ಹೊತ್ತು. ಡಿಸೆಂಬರ್‌ನಲ್ಲಿ ಸುಮಾರು ಹದಿನಾರರಿಂದ ಮೂವತ್ತು ನಿಮಿಷ ಹಿಂದಿರುತ್ತದೆ. ಇಲ್ಲಿ ಗೈಡ್ ತೆಗೆದುಕೊಳ್ಳಿ, ದುಡ್ಡು ದಂಡವಾಗುವುದಿಲ್ಲ. ಹೇಳುವವರಿಲ್ಲದಿದ್ದರೆ ಸುತ್ತ ಇರುವ ಯಂತ್ರಗಳೆಲ್ಲ ಬರೀ ಗೋಡೆ, ಮೆಟ್ಟಿಲು.

ಎದುರಿಗೇ ಸಿಟಿ ಪ್ಯಾಲೇಸ್. ಅದರ ಟಿಕೆಟ್ ಬೇರೆ. ಆಮೇರ್, ಹವಾ ಮಹಲ್, ಜಂತರ್ ಮಂತರ್‌ಗಳಿಗೆ ಸೇರಿ ಎರಡು ದಿನದ ಒಂದೇ ಟಿಕೆಟ್ ಸಿಗುತ್ತದೆ, ಅದರಲ್ಲಿ ಇದು ಬರುವುದಿಲ್ಲ. ಒಳಗೆ ಎರಡು ಬೆಳ್ಳಿ ಹಂಡೆಗಳಿವೆ, ಒಂದೊಂದೂ ಸುಮಾರು 345 ಕಿಲೋ. 1902ರಲ್ಲಿ ಜೈಪುರದ ರಾಜ ಮಾಧೋ ಸಿಂಗ್ ಇಂಗ್ಲೆಂಡಿಗೆ ಹೋಗುವಾಗ ಇಂಥ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋಗಿದ್ದ. ನಮ್ಮಮ್ಮ ಅಲ್ಲೇ ಕಾಲು ಗಂಟೆ ನಿಂತರು.

ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ಸಂಜೆ ನಾಲ್ಕಕ್ಕೆ ಮನಿಹಾರೋಂ ಕಾ ರಾಸ್ತಾ, ಅಂದರೆ ಬಳೆಗಾರರ ಬೀದಿ. ಬೆಂಗಳೂರಲ್ಲಿ ಬಳೆಪೇಟೆ, ಅಕ್ಕಿಪೇಟೆ ಇದ್ದ ಹಾಗೆ ಅಲ್ಲೂ ಒಂದೊಂದು ಬೀದಿಗೆ ಒಂದೊಂದು ಕಸುಬಿನ ಹೆಸರು. ಇಲ್ಲಿ ಅರಗಿನ ಬಳೆ ಮಾಡುತ್ತಾರೆ. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯ ಅರಗು ಇದೆಯಲ್ಲ, ಅದೇ. ಇದ್ದಿಲ ಕೆಂಡದ ಮೇಲೆ ಅರಗಿನ ಉಂಡೆಯನ್ನು ಕೋಲಿಗೆ ಹಿಡಿದು ಕಾಯಿಸುತ್ತಾರೆ. ಮೆತ್ತಗಾದ ಮೇಲೆ ಬಣ್ಣದ ಅರಗನ್ನು ಮೇಲೆ ಸವರುತ್ತಾರೆ. ಮರದ ತುಂಡಿನಿಂದ ಒತ್ತಿ ಹೊಸೆದು ಹುರಿಯ ಹಾಗೆ ಎಳೆದು, ಕತ್ತರಿಸಿ, ತುದಿ ಸೇರಿಸಿ, ಅಳತೆಯ ಗುಂಡು ಮರಕ್ಕೆ ತೊಡಿಸುತ್ತಾರೆ. ಎರಡೇ ನಿಮಿಷದಲ್ಲಿ ಬಳೆ. ಆಮೇಲೆ ಬಿಸಿ ಅರಗಿನ ಮೇಲೆ ಒಂದೊಂದೇ ಹರಳು ಕೂರಿಸುತ್ತಾರೆ.

ನಮ್ಮಮ್ಮನಿಗೆ ಹಿಂದಿ ಒಂದಕ್ಷರ ಬರುವುದಿಲ್ಲ. ಬಳೆ ಮಾಡುತ್ತಿದ್ದ ಹೆಂಗಸು ಅಮ್ಮನ ಕೈ ಹಿಡಿದು ಗೆಣ್ಣು ಒತ್ತಿ ನೋಡಿ, ಅಳತೆ ತಾನೇ ಹೇಳಿಬಿಟ್ಟಳು. ಸರಿಯಾಗಿ ಎರಡು-ಆರು. "ನಮ್ಮೂರಲ್ಲಿ ಮನೆ ಮುಂದೆ ಬಂದು ಕೂರ್ತಿದ್ದ ಬಳೆಗಾರ್ರೂ ಹಿಂಗೇ ನೋಡ್ತಿದ್ರು ಕಣೇ" ಎಂದು ಅಮ್ಮ ಅಲ್ಲಿಂದ ಏಳಲೇ ಇಲ್ಲ. ಕೂರುವುದಕ್ಕೆ ಜಾಗ ಕೊಡುತ್ತಾರೆ, ಮಂಡಿಗೂ ಆರಾಮ.

ಒಂದು ಎಚ್ಚರಿಕೆ. ಅಮ್ಮ ಬಂದ ವಾರವೇ ಒಬ್ಬ ಆಟೋದವನು ಸರ್ಕಾರಿ ಮಳಿಗೆ ಎಂದು ಹೇಳಿ ನಮ್ಮನ್ನು ಒಂದು ಅಂಗಡಿಗೆ ಕರೆದುಕೊಂಡು ಹೋದ. ಅದು ಸರ್ಕಾರದ್ದಲ್ಲ. ಜೈಪುರಿ ರಜಾಯಿಗೆ (ಹತ್ತಿ ತುಂಬಿದ ಹೊದಿಕೆ) ಎರಡರಷ್ಟು ದುಡ್ಡು ಕೊಟ್ಟೆವು, ಎರಡು ಗಂಟೆಯೂ ಹೋಯಿತು. ಅಮ್ಮನ ಮುಖ ಸಪ್ಪೆಯಾಗಿದ್ದು ಈಗಲೂ ನೆನಪಿದೆ. ಯಾವ ಅಂಗಡಿ ಎಂದು ನೀವೇ ಹೇಳಿ, ಅಲ್ಲಿಗೇ ಇಳಿಯಿರಿ. ಬಟ್ಟೆ, ಚಪ್ಪಲಿಗೆ ಬಾಪು ಬಜಾರ್ ಸಾಕು, ಕೇಳಿದ ಬೆಲೆಯ ಅರ್ಧದಿಂದ ಮಾತು ಶುರು ಮಾಡಿ.

ಎರಡನೇ ದಿನ ಆಮೇರ್. ಎಂಟಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ. ಮೇಲಕ್ಕೆ ಜೀಪಿನಲ್ಲಿ ಹೋಗಿ, ಆನೆ ಬೇಡ. ದಿನಾ ಜನರನ್ನು ಹೊತ್ತು ಆ ಕಲ್ಲುದಾರಿ ಹತ್ತುವ ಆನೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗಣೇಶ ಪೋಲ್ ಎಂಬ ಹೆಬ್ಬಾಗಿಲು ದಾಟಿ ಶೀಶ್ ಮಹಲ್ ಮುಂದೆ ನಿಂತಾಗ ಎಡಕ್ಕೆ ಬಲಕ್ಕೆ ಒಂದೊಂದು ಹೆಜ್ಜೆ ಇಟ್ಟು ನೋಡಿ, ಕನ್ನಡಿ ಚೂರುಗಳ ಮೇಲೆ ಬೆಳಕು ನಿಮ್ಮ ಜೊತೆಗೇ ಓಡುತ್ತದೆ. ವಾಪಸ್ ಬರುವಾಗ ಪನ್ನಾ ಮೀನಾ ಎಂಬ ಮೆಟ್ಟಿಲುಬಾವಿಯನ್ನು ಮೇಲಿನಿಂದ ನೋಡಿ. ಜಲಮಹಲ್ ಒಳಗೆ ಬಿಡುವುದಿಲ್ಲ, ರಸ್ತೆ ಬದಿಯಿಂದ ಎರಡು ನಿಮಿಷ ನೋಡಿದರೆ ಆಯಿತು. 1720ರಲ್ಲಿ ಎರಕ ಹೊಯ್ದ ಜೈವಾಣ ತೋಪು ನೋಡಲೇಬೇಕು ಅನಿಸಿದರೆ ಮಾತ್ರ ಜೈಗಢ.

ಉಳಿದ ಅರ್ಧ ದಿನಕ್ಕೆ ನಾನು ಏನೂ ಹೇಳುವುದಿಲ್ಲ. ಅಮ್ಮನನ್ನೇ ಕೇಳಿ. ನಮ್ಮಮ್ಮ ಮತ್ತೆ ಬಳೆ ಬೀದಿಗೇ ಹೋಗೋಣ ಅಂದರು, ಅಕ್ಕತಂಗಿಯರಿಗೆಲ್ಲ ತಂದರು. ಹೊರಡುವ ಮೊದಲು ನಿಮ್ಮ ಕಡೆಯವರ ಬಳೆ ಅಳತೆ ಬರೆದಿಟ್ಟುಕೊಳ್ಳಿ. ತಂದ ಮೇಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ, ಅರಗು ಮೆತ್ತಗಾಗಿ ಹರಳು ಉದುರುತ್ತದೆ.