ಫೀಸು ಕಟ್ಟುವ ಮೊದಲು ಚೆನ್ನೆಮಣೆ ಇಳಿಸಿ

ಸೋಮವಾರಪೇಟೆ ಅಕ್ಕ, ಪಿಯುಸಿ ಮುಗಿಸಿದ ಮಗ ಆನ್‌ಲೈನಲ್ಲಿ ಗೇಮ್ ಡಿಸೈನ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ, ಯಾವ ಕೋರ್ಸಿಗೆ ಸೇರಿಸಲಿ, ಮಳೆಗಾಲದಲ್ಲಿ ಕರೆಂಟು ಹೋದರೆ ಏನು ಗತಿ ಅಂತ ಕೇಳಿದ್ದೀರಿ. ಈಗಲೇ ಎಲ್ಲೂ ದುಡ್ಡು ಕಟ್ಟಬೇಡಿ. ನಾನು 22,000 ಕಟ್ಟಿ ಕೈ ಸುಟ್ಟುಕೊಂಡವನು. ಲೈವ್ ಕ್ಲಾಸ್ ಅಂದರು, ಬಂದದ್ದು ಹಳೇ ವಿಡಿಯೋ. ಸರ್ಟಿಫಿಕೇಟ್ ಮಾತ್ರ ದಪ್ಪ ಕಾಗದದ್ದು, ಚೆನ್ನಾಗಿದೆ.

ಗೇಮ್ ಡಿಸೈನ್ ಅಂದರೆ ಮುಖ್ಯವಾಗಿ ಆಟದ ನಿಯಮ ಕಟ್ಟುವುದು. ಚಿತ್ರ, ಕೋಡಿಂಗ್ ಆಮೇಲೆ. ಶುರು ಮಾಡಲು ಕಂಪ್ಯೂಟರೇ ಬೇಡ. ಅಟ್ಟದಲ್ಲಿ ಚೆನ್ನೆಮಣೆ ಇದ್ದರೆ ಇಳಿಸಿ. 14 ಗುಳಿ, ಗುಳಿಗೆ 4ರಂತೆ 56 ಕಾಯಿ. ಕಕ್ಕಡದ ಮಳೆಯಲ್ಲಿ ಆಡಿ ಬೆಳೆದವರಲ್ವಾ ನಾವು? ಮಗ ಒಮ್ಮೆ ಗುಳಿಗೆ 3 ಹಾಕಿ ಆಡಲಿ, ಒಮ್ಮೆ 6 ಹಾಕಿ. ಎಷ್ಟು ನಿಮಿಷ ಆಯಿತು, ಮೊದಲು ಆಡಿದವರೇ ಗೆದ್ದರಾ, ಸೋಲುವವರಿಗೆ ಯಾವಾಗ ಬೇಜಾರು ಬಂತು, ಎಲ್ಲ ಬರೆದಿಡಲಿ. ನಮ್ಮ ಮನೆಯಲ್ಲಿ 3 ಹಾಕಿ ಆಡಿದಾಗ ಅತ್ತೆ ಎರಡನೇ ಆಟಕ್ಕೇ ಎದ್ದು ಒಲೆ ಕಡೆ ಹೋದರು. "ಯೋಚನೆ ಮಾಡೋಕೆ ಏನಿದೆ ಇದರಲ್ಲಿ?" ಅಂದರು. 22,000ದ ಕೋರ್ಸಲ್ಲಿ ಯಾರೂ ನನಗೆ ಅಷ್ಟು ನೇರವಾಗಿ ಹೇಳಿರಲಿಲ್ಲ. ಒಂದು ಎಚ್ಚರ: ಬೇರೆಯವರು ಆಡುವಾಗ ಪಕ್ಕದಲ್ಲಿ ಕೂತು ವಿವರಿಸಬಾರದು. ಬಾಯಿ ಮುಚ್ಚಿ ನೋಡಬೇಕು. ಇದೇ ಕಷ್ಟ.

ಆಮೇಲೆ ಕಂಪ್ಯೂಟರಲ್ಲಿ ಪಾಂಗ್ ಮಾಡಲಿ. 1972ರಲ್ಲಿ ಅಟಾರಿ ಕಂಪನಿಯ ಅಲನ್ ಆಲ್ಕಾರ್ನ್ ಮಾಡಿದ ಆಟ. ಎರಡು ಹಲಗೆ, ಒಂದು ಚೆಂಡು, ಅಷ್ಟೇ. ಆದರೆ ಚೆಂಡು ಹಲಗೆಯ ನಡುವಿಗೆ ಬಡಿದರೆ ನೇರ ಹೋಗುತ್ತದೆ, ಅಂಚಿಗೆ ಬಡಿದರೆ ಓರೆಯಾಗಿ. ಆಟ ಬೆಳೆದ ಹಾಗೆ ವೇಗ ಜಾಸ್ತಿಯಾಗುತ್ತದೆ. ಇವೆರಡನ್ನೂ ತೆಗೆದು ಆಡಿಸಿ ನೋಡಿ, ಎರಡು ನಿಮಿಷಕ್ಕೆ ಆಕಳಿಕೆ. ಹಾರ್ವರ್ಡ್‌ನ ಸಿಎಸ್50 ಗೇಮ್ ಕೋರ್ಸ್ ಪಾಂಗ್‌ನಿಂದಲೇ ಶುರುವಾಗುತ್ತದೆ. ಪಾಠ ಪುಕ್ಕಟೆ, ಯೂಟ್ಯೂಬಲ್ಲೂ ಇದೆ. ಸ್ವಲ್ಪ ಕೋಡಿಂಗ್ ಮೊದಲೇ ಬರಬೇಕು. ಇಂಗ್ಲಿಷ್ ವೇಗ ಅನ್ನಿಸಿದರೆ ನಿಧಾನ ಮಾಡಿ ಕೇಳಲಿ.

ಆಟ ಕಟ್ಟಲು ಗೊಡೋ ಅನ್ನುವ ಸಾಫ್ಟ್‌ವೇರ್ ಸಾಕು. 2014ರಿಂದ ಅದರ ಕೋಡ್ ಎಲ್ಲರಿಗೂ ಮುಕ್ತ, ಆಟದ ಗಳಿಕೆಯಲ್ಲಿ ಪಾಲು ಕೊಡುವ ರಾಯಲ್ಟಿ ಗೀಯಲ್ಟಿ ಇಲ್ಲ. ಯೂನಿಟಿ ಅಂತ ಇನ್ನೊಂದು ಇದೆ, ಅದೂ ಒಳ್ಳೆಯದೇ. ಆದರೆ 2023ರಲ್ಲಿ ಗೇಮ್ ಇನ್‌ಸ್ಟಾಲ್ ಆದಷ್ಟಕ್ಕೂ ಶುಲ್ಕ ಅಂದರು, ಗಲಾಟೆಯಾಗಿ ಮರುವರ್ಷ ಹಿಂದೆ ತೆಗೆದುಕೊಂಡರು. ಡೌನ್‌ಲೋಡೂ ಅದು ಹಲವು ಜಿಬಿ, ನಮ್ಮ ನೆಟ್ಟಿಗೆ ಸಂಕಟ. ಗೊಡೋ ಚಿಕ್ಕದು, ಇನ್‌ಸ್ಟಾಲ್ ಕೂಡ ಬೇಡ. ಸಣ್ಣ ಆಟಕ್ಕೆ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ನಡೆಯುತ್ತದೆ. ಗೊಡೋದ ಕೈಪಿಡಿಯನ್ನೂ ಪೂರ್ತಿ ಇಳಿಸಿಟ್ಟುಕೊಳ್ಳಬಹುದು. ಮರ ಬಿದ್ದು ಮೂರು ದಿನ ಲೈನ್ ಹೋದರೆ ಮೊಬೈಲಲ್ಲೇ ಓದಲಿ, ಅದೂ ಸತ್ತರೆ ಚೆನ್ನೆಮಣೆ ಇದ್ದೇ ಇದೆ.

ಇಷ್ಟಾದ ಮೇಲೂ ಕೋರ್ಸ್ ಬೇಕು ಅಂದರೆ ಅವರಿಗೆ ಎರಡೇ ಪ್ರಶ್ನೆ ಕೇಳಿ. ನನ್ನ ಮಗನ ಆಟ ಆಡಿ ತಪ್ಪು ಹೇಳುವವರು ಯಾರು? ಹಳೇ ವಿದ್ಯಾರ್ಥಿಗಳ ಗೇಮಿನ ಲಿಂಕ್ ಕೊಡ್ತೀರಾ? ಉತ್ತರ ಸುತ್ತಿ ಬಳಸಿ ಬಂದರೆ ಆ ದುಡ್ಡಲ್ಲಿ ಮನೆಗೆ ಯುಪಿಎಸ್ ಹಾಕಿಸಿ. ಮಗನ ಪಾಂಗ್ ಆದಾಗ ಇಚ್ ಡಾಟ್ ಐಒ (itch.io) ಅನ್ನುವ ಗೇಮ್ ವೆಬ್‌ಸೈಟಲ್ಲಿ ಪುಕ್ಕಟೆ ಹಾಕಬಹುದು. ಲಿಂಕ್ ಇಲ್ಲೇ ಕಳಿಸಿ, ನಾನೂ ಅತ್ತೆಯೂ ಆಡಿ ನೋಡುತ್ತೇವೆ.