ಕರು ಹಾಕುವ ಮೊದಲೇ ಕ್ಯಾಲ್ಸಿಯಂ ಕೊಡಬೇಡ ತಮ್ಮಾ

ಜರ್ಸಿ ಹಸು ಕರು ಹಾಕಲು ಇನ್ನು 20 ದಿನ ಇದೆ, ಹಾಲು ಜ್ವರ (ಕರು ಹಾಕಿದಾಗ ರಕ್ತದ ಕ್ಯಾಲ್ಸಿಯಂ ಇಳಿದು ಹಸು ಏಳಲಾಗದೆ ಮಲಗುವ ಕಾಯಿಲೆ) ಬರಬಾರದು ಅಂತ ಬೆಳಿಗ್ಗೆ ಕ್ಯಾಲ್ಸಿಯಂ ಬಾಟಲಿ, ಸಂಜೆ ಡಿಸಿಪಿ (ಕ್ಯಾಲ್ಸಿಯಂ, ರಂಜಕ ಇರುವ) ಪುಡಿ ಕೊಡ್ತಾ ಇದ್ದೇನೆ ಅಂತ ಬರೆದಿದ್ದೀಯ. ಇವತ್ತೇ ನಿಲ್ಲಿಸು. ನಾನೂ ಹೀಗೇ ಕೊಟ್ಟಿದ್ದೆ. ಕರು ಹಾಕಿದ ಮರುದಿನ ಹಸು ಮಲಗಿದಲ್ಲಿಂದ ಏಳಲಿಲ್ಲ. ಕಿವಿ ತಣ್ಣಗೆ, ಮೂತಿ ಒಣಗಿತ್ತು, ತಲೆ ಪಕ್ಕೆಗೆ ತಿರುಗಿಸಿಕೊಂಡಿತ್ತು.

10 ಲೀಟರ್ ಗಿಣ್ಣದ ಹಾಲಿಗೆ 20 ಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಬೇಕು. ರಕ್ತದಲ್ಲಿ ಇರುವುದು ಮೂರು ಗ್ರಾಂ ಆಸುಪಾಸು. ಉಳಿದದ್ದು ಎಲುಬಿನಿಂದ ಬರಬೇಕು. ಗಬ್ಬದಲ್ಲಿ ಬಾಯಿಂದಲೇ ಧಾರಾಳ ಸಿಕ್ಕರೆ ಎಲುಬಿನಿಂದ ತೆಗೆಯುವ ಅಭ್ಯಾಸವೇ ದೇಹಕ್ಕೆ ತಪ್ಪುತ್ತದೆ. ಕೊನೆಯ ಮೂರು ವಾರ ಸುಣ್ಣದ ನೀರೂ ಬೇಡ. ಮೆಗ್ನೀಷಿಯಂ ಮಾತ್ರ ಕಡಿಮೆಯಾಗಬಾರದು, ಖನಿಜ ಮಿಶ್ರಣದಲ್ಲೂ ಕ್ಯಾಲ್ಸಿಯಂ ಇರುತ್ತದೆ, ಆ ಲೆಕ್ಕ ಡಾಕ್ಟರ ಹತ್ತಿರ ಕೇಳು. ಬಾಟಲಿ ಬಿಸಾಡಬೇಡ, ಕರು ಹಾಕಿದ ಮೇಲೆ ಬೇಕಾಗುತ್ತದೆ. ಮೂರನೇ ಕರುವಿನಿಂದ ಮುಂದೆ ಜರ್ಸಿಗೆ ಅಪಾಯ ಜಾಸ್ತಿ, ನಮ್ಮ ನಾಟಿ ತಳಿ ಮಲೆನಾಡು ಗಿಡ್ಡಕ್ಕೆ ಈ ತಾಪತ್ರಯ ಕಡಿಮೆ.

ಹಸು ಮಲಗಿಬಿಟ್ಟರೆ ಗೊಟ್ಟದಲ್ಲಿ (ಔಷಧಿ ಕುಡಿಸುವ ಬಿದಿರಿನ ಕೊಳವೆಯಲ್ಲಿ) ಬಾಯಿಗೆ ಏನನ್ನೂ ಹೊಯ್ಯಬೇಡ! ನುಂಗುವ ಶಕ್ತಿ ಇರುವುದಿಲ್ಲ, ಪುಪ್ಪುಸಕ್ಕೆ ಹೋಗುತ್ತದೆ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು. ನರಕ್ಕೆ ಕೊಡುವ ಕ್ಯಾಲ್ಸಿಯಂ ನಿಧಾನಕ್ಕೆ ಹೋಗಬೇಕು, ಅವಸರ ಮಾಡಿದರೆ ಹೃದಯ ನಿಲ್ಲುತ್ತದೆ. ನೀನೇ ಚುಚ್ಚಲು ಹೋಗಬೇಡ.

ಹಾಲು ಕೊಡುವಾಗ ಮಾತ್ರ ಖನಿಜ ಮಿಶ್ರಣ ತಪ್ಪಿಸಬೇಡ. ದೊಡ್ಡ ಹಸುವಿಗೆ ದಿನಕ್ಕೆ 50 ಗ್ರಾಂ. ನಮ್ಮ ಕಡೆ ಮಳೆಗೆ ಮಣ್ಣಿನ ಸಾರವೆಲ್ಲ ತೊಳೆದುಹೋಗುತ್ತದೆ, ಹುಲ್ಲಲ್ಲಿ ಏನಿರುತ್ತದೆ? ಭತ್ತದ ಹುಲ್ಲಿನ ಆಕ್ಸಲೇಟು ಇದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಡುತ್ತದೆ. ಹಸು ಬಟ್ಟೆ, ಎಲುಬು ಅಗಿಯುತ್ತಿದ್ದರೆ ರಂಜಕ (ಫಾಸ್ಫರಸ್) ಕಡಿಮೆ ಇರಬಹುದು, ಆದರೆ ಮೊದಲು ಜಂತಿನ ಔಷಧಿ ಕೊಟ್ಟು ನೋಡು. ಖನಿಜ ಮಿಶ್ರಣಗಳಲ್ಲಿ ಅಗ್ರಿಮಿನ್ ಫೋರ್ಟ್ ಒಳ್ಳೆಯದೇ, ರೇಟು ಜಾಸ್ತಿ. ನನಗೆ ಡೇರಿಯ ನಂದಿನಿ ಮಿಶ್ರಣವೇ ಸಾಕಾಗಿದೆ. ಅಂಗಡಿಯವರು ಕೊಡುವ ಹೆಸರಿಲ್ಲದ ಬಿಡಿ ಪುಡಿ ತರಬೇಡಿ, ಎಷ್ಟು ಸಲ ಹೇಳುವುದು!

ಇನ್ನೊಂದು, ಖನಿಜ ಮಿಶ್ರಣವನ್ನು ಅಕ್ಕಚ್ಚಿನ (ಅಕ್ಕಿ ತೊಳೆದ ನೀರಿನ) ಬಕೆಟ್ಟಿಗೆ ಸುರಿದು ಕೊಟ್ಟೆ ಅನ್ನುವವರು ಹಸು ಕುಡಿದ ಮೇಲೆ ತಳ ನೋಡಿ. ಬೂದಿ ಬಣ್ಣದ ಗಸಿ ಅಲ್ಲೇ ಕೂತಿರುತ್ತದೆ. ನೆನೆಸಿದ ಹಿಂಡಿಗೆ ಕಲಸಿ ಕೊಡಿ. ಮಳೆಗಾಲದಲ್ಲಿ ಒಂದೊಂದೇ ಕಿಲೋ ತನ್ನಿ, ತೇವಕ್ಕೆ ಬೇಗ ಗಂಟು ಕಟ್ಟುತ್ತದೆ.