ಜುಲೈಯಲ್ಲಿ ಮೀನು ತಿನ್ನೋಕೆ ಮಂಗ್ಳೂರಿಗೆ ಹೊರಟಿರೋ ಜೋಡಿಗೆ

ಜುಲೈ ಎರಡನೇ ವಾರ, ಮೂರು ದಿನ, ಗಂಡನಿಗೆ ಮೀನು ಬೇಕು, ನೀವು ವೆಜ್, ಇಬ್ರಿಗೂ ಆಗೋ ಹೋಟೆಲ್ ಲಿಸ್ಟ್ ಕೊಡಿ ಅಂತ ಕೇಳಿದೀರ. ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ಯಾಕಂದ್ರೆ 2017ರ ಜುಲೈಯಲ್ಲಿ ನಾವಿಬ್ರೂ ಇಂಥದ್ದೇ ಒಂದು ಲಿಸ್ಟ್ ಹಿಡ್ಕೊಂಡು ಮೈಸೂರಿಂದ ರಾತ್ರಿ ಬಸ್ ಹತ್ತಿದ್ವಿ.

ಮದ್ವೆ ಆಗಿ ಐದು ತಿಂಗಳು ಅಷ್ಟೇ. ನಾನು ಹುಟ್ಟಿದ್ದು ತಿನ್ನೋ ಮನೇಲೇ, ಆದ್ರೆ ಹತ್ತನೇ ಕ್ಲಾಸಲ್ಲಿ ಬಿಟ್ಟವಳು ಮತ್ತೆ ಮುಟ್ಟಿಲ್ಲ. ನಮ್ಮನೆಯವ್ರಿಗೆ ಮೀನಂದ್ರೆ ಪ್ರಾಣ, ಅದೂ ಅತ್ತೆ ಮಾಡೋ ಕೆರೆ ಮೀನಿನ ಸಾರೇ ತಿಂದು ಬೆಳೆದವ್ರು, ಸಮುದ್ರದ ಮೀನು ಸಮುದ್ರದ ಪಕ್ಕದಲ್ಲೇ ಕೂತು ತಿನ್ಬೇಕು ಅಂತ ಆಸೆ. ಒಂಬತ್ತು ಹೋಟೆಲ್ ಹೆಸರು, ಯಾವುದ್ರಲ್ಲಿ ಅಂಜಲ್, ಯಾವುದ್ರಲ್ಲಿ ಕಾಣೆ, ಯಾವುದ್ರಲ್ಲಿ ಬಂಗುಡೆ ಪುಳಿಮುಂಚಿ, ಎಲ್ಲ ಫೋನಲ್ಲಿ ಬರ್ಕೊಂಡಿದ್ರು. ನನ್ನ ಹೆಸರಿನ ಮುಂದೆ ಒಂದೇ ಲೈನು, "ವೆಜ್ ಎಲ್ಲಾ ಕಡೆ ಸಿಗತ್ತೆ."

ಮೊದಲ ದಿನ ಮಧ್ಯಾಹ್ನ ಮಂಗ್ಳೂರಲ್ಲಿ ಒಂದು ಹೋಟೆಲ್, ಹೆಸರು ಬೇಡ. ಬಡಿಸೋ ಹುಡುಗ ಬಂದು "ಬೆಳ್ತಿಗೆಯಾ ಕುಚ್ಚಿಲಾ?" ಅಂದ, ನಾವಿಬ್ರೂ ಮುಖ ಮುಖ ನೋಡ್ಕೊಂಡ್ವಿ. (ಬೆಳ್ತಿಗೆ ಅಂದ್ರೆ ನಮ್ಮ ಮಾಮೂಲಿ ಬಿಳಿ ಅನ್ನ, ಕುಚ್ಚಿಲು ಅಂದ್ರೆ ಕೆಂಪಗೆ ದಪ್ಪಗೆ ಇರೋ ಕುಸುಬಲಕ್ಕಿ ಅನ್ನ. ಕುಚ್ಚಿಲು ಅನ್ನಿ, ಊರಿಗೆ ಬಂದು ಬೆಳ್ತಿಗೆ ತಿನ್ಬೇಡಿ.) ಅಂಜಲ್ ತವಾ ಫ್ರೈ, ಕಾಣೆ ರವಾ ಫ್ರೈ ಆರ್ಡರ್ ಆಯ್ತು, ಬೋರ್ಡಲ್ಲಿ ರೇಟಿನ ಜಾಗದಲ್ಲಿ ಸೈಜ್ ಪ್ರಕಾರ ಅಂತಿತ್ತು, ಕೇಳ್ಲಿಲ್ಲ. ಬಿಲ್ 1,640 ರೂಪಾಯಿ, ಅದ್ರಲ್ಲಿ ನನ್ನ ಪಾಲು ಅನ್ನ, ಸಾರು, ಉಪ್ಪಿನಕಾಯಿ. ದುಡ್ಡು ಹಾಳಾಗ್ಲಿ, ಇವ್ರು ಎರಡು ತುತ್ತು ತಿಂದು ಸುಮ್ಮನೆ ಕೂತ್ರು. ಏನಾಯ್ತು ಅಂದ್ರೆ, "ಮಸಾಲೆ ಚೆನ್ನಾಗಿದೆ, ಒಳಗಡೆ ಹತ್ತಿ ಅಗಿದಂಗಿದೆ" ಅಂದ್ರು.

ಹೋಟೆಲ್ ಸರಿ ಇಲ್ಲ ಅನ್ಕೊಂಡು ರಾತ್ರಿ ಇನ್ನೊಂದಕ್ಕೆ ಹೋದ್ವಿ. ಅಲ್ಲೂ ಹತ್ತಿ.

ಮಾರನೇ ದಿನ ಇವ್ರು ಹಠ ಹಿಡಿದ್ರು, ಮಲ್ಪೆ ಬಂದರಿಗೇ ಹೋಗೋಣ, ಬೆಳಗಿನ ಜಾವ ಹರಾಜು ಕೂಗೋದನ್ನ ನೋಡೋಣ, ಆ ಮೀನು ಯಾವ ಹೋಟೆಲಿಗೆ ಹೋಗತ್ತೋ ಅಲ್ಲೇ ತಿನ್ನೋಣ ಅಂತ. ಉಡುಪಿಯಲ್ಲಿ ರೂಮ್ ಮಾಡಿದ್ವಿ, ಐದೂವರೆಗೆ ಆಟೋ, ಮಳೆ ಅಂದ್ರೆ ಮಳೆ, ಆಟೋದ ಪರದೆ ಕಟ್ಟಿದ್ರೂ ಮಂಡಿವರೆಗೂ ನೆಂದು ಹೋಗಿ ಇಳಿದ್ರೆ ಅಲ್ಲಿ ಹರಾಜೂ ಇಲ್ಲ ಜನಾನೂ ಇಲ್ಲ. ನೂರಾರು ಬೋಟು ಒಂದಕ್ಕೊಂದು ಒತ್ಕೊಂಡು ಹಗ್ಗ ಕಟ್ಟಿ ನಿಂತಿವೆ, ಮೇಲೆ ಟಾರ್ಪಾಲು. ಶೆಡ್ಡಿನ ಕೆಳಗೆ ಒಬ್ರು ವಯಸ್ಸಾದವ್ರು ಬಲೆ ಹೊಲೀತಾ ಕೂತಿದ್ರು. ಇವ್ರು ಹೋಗಿ "ಹರಾಜು ಎಷ್ಟೊತ್ತಿಗೆ ಸಾರ್?" ಅಂದ್ರು. ಅವ್ರು ತಲೆ ಎತ್ತಿ ಒಂದು ಸಲ ನೋಡಿ, "ಆಗಸ್ಟಿಗೆ" ಅಂದ್ರು.

ಆಮೇಲೆ ಪಾಪ ಅನಿಸ್ತೇನೋ, "ಈಗ ಬೋಟು ಕಡಲಿಗೆ ಇಳಿಯುದಿಲ್ಲ ಮಾರಾಯ್ರೆ, ಬಂದ್ ಉಂಟಲ್ವಾ, ನಿಮಗೆ ಯಾರೂ ಹೇಳ್ಲಿಲ್ವಾ?" ಅಂದ್ರು.

ಯಾರೂ ಹೇಳಿರ್ಲಿಲ್ಲ. ನೀವೂ ನಿಮ್ಮ ಪ್ರಶ್ನೇಲಿ ಇದನ್ನ ಎತ್ತಿಲ್ಲ ಅದಕ್ಕೇ ಉದ್ದ ಮಾಡಿ ಹೇಳ್ತಿದೀನಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಲೆಕ್ಕ ಹಾಕಿದ್ರೆ 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡೋ ಕಾಲ ಅದು, ಸಮುದ್ರಾನೂ ರೌದ್ರವಾಗಿರತ್ತೆ. ಸಣ್ಣ ನಾಡದೋಣಿಯವ್ರು ದಡದ ಹತ್ತಿರ ಹೋಗ್ಬಹುದು, ಆದ್ರೆ ಕಡಲು ಬಿಟ್ಕೊಟ್ಟ ದಿನ ಮಾತ್ರ, ಸಿಗೋದೂ ಅಷ್ಟಕ್ಕಷ್ಟೇ, ರೇಟು ಕೇಳೋ ಹಾಗಿಲ್ಲ. ಹಾಗಾದ್ರೆ ಜುಲೈಯಲ್ಲಿ ನಿಮ್ಮ ತಟ್ಟೆಗೆ ಬರೋ ಅಂಜಲ್ ಎಲ್ಲಿಂದ ಬಂತು? ಹೆಚ್ಚಿನಂಶ ಐಸಲ್ಲಿಟ್ಟಿದ್ದು, ಇಲ್ಲಾ ಬೇರೆ ಕರಾವಳಿಯಿಂದ ಲಾರಿಯಲ್ಲಿ ಬಂದಿದ್ದು. ಹೋಟೆಲಿನವ್ರು ಮೋಸ ಮಾಡಿದ್ರು ಅನ್ನಕ್ಕಾಗಲ್ಲ, ಕೇಳಿದ್ರೆ ಹೇಳ್ತಿದ್ರು. ನಾವು ಕೇಳಿದ್ದು ಎಲ್ಲಿ ಚೆನ್ನಾಗಿರತ್ತೆ ಅಂತ, ಯಾವಾಗ ಅಂತ ಒಂದು ಸಲಾನೂ ಕೇಳ್ಲಿಲ್ಲ. ಮೈಸೂರಲ್ಲಿ ರಸಪುರಿ ಮಾವಿನಹಣ್ಣನ್ನ ಡಿಸೆಂಬರಲ್ಲಿ ಯಾರಾದ್ರೂ ಹುಡುಕಿದ್ರೆ ನಾವೇ ನಗ್ತೀವಿ, ಮೀನಿಗೂ ಕಾಲ ಇದೆ ಅಂತ ಇಬ್ರು ಓದ್ಕೊಂಡವ್ರ ತಲೆಗೆ ಹೊಳೀಲಿಲ್ಲ.

ಮತ್ತೆ ನಾನೊಂದು ತಪ್ಪು ಮಾಡಿದೆ, ಬೆಳಗ್ಗೆ ಆರು ಗಂಟೆಗೆ ಆ ಮಳೆಯಲ್ಲಿ ನಿಂತ್ಕೊಂಡು ಜೋರಾಗಿ ನಕ್ಕೆ. ಅಲ್ಲಿಂದ ಉಡುಪಿವರೆಗೂ ಇವ್ರು ಮಾತಾಡ್ಲಿಲ್ಲ.

ರಥಬೀದಿ ಹತ್ರ ನಾನೊಬ್ಳೇ ಇಳಿದು ಬನ್ಸ್ ತಿಂದೆ, ಬಾಳೆಹಣ್ಣು ಕಲಸಿ ರಾತ್ರಿಯಿಡೀ ಇಟ್ಟ ಹಿಟ್ಟಿಂದು, ಸಿಹಿ ಸಿಹಿಯಾಗಿ. ಇವ್ರು ರೂಮಲ್ಲಿ ಮಲಗಿದ್ರು. ಮಧ್ಯಾಹ್ನ ಇಬ್ರೂ ಹೊರಟಾಗ ಒಂದು ಸಣ್ಣ ಕ್ಯಾಂಟೀನಿನ ಕರಿ ಹಲಗೆ ಮೇಲೆ ಸೀಮೆಸುಣ್ಣದಲ್ಲಿ "ಇವತ್ತು ಪತ್ರೊಡೆ ಉಂಟು" ಅಂತಿತ್ತು, ಮಳೆ ಜೋರಾಯ್ತು ಅಂತ ನುಗ್ಗಿದ್ವಿ ಅಷ್ಟೇ. ಕೆಸುವಿನ ಎಲೆಗೆ ಅಕ್ಕಿ, ಹುಣಸೆ, ಬೆಲ್ಲ, ಮೆಣಸಿನ ಹಿಟ್ಟು ಸವರಿ, ಎಲೆ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯ್ಸಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ದು ತೆಂಗಿನೆಣ್ಣೆಯಲ್ಲಿ ಕಾಯ್ಸಿದ್ದು. ಹುಣಸೆ ಕಮ್ಮಿ ಆದ್ರೆ ಗಂಟಲು ತುರಿಸತ್ತೆ, ಅದಕ್ಕೇ ಧಾರಾಳ ಹಾಕ್ತಾರೆ. ಮದ್ವೆ ಆದ್ಮೇಲೆ ಹೊರಗೆ ಒಂದೇ ತಟ್ಟೆಯಿಂದ ನಾವಿಬ್ರೂ ತಿಂದಿದ್ದು ಅದೇ ಮೊದಲು. ಮೂರನೇ ಪ್ಲೇಟಿಗೆ ಇವ್ರು ಬಾಯಿ ಬಿಟ್ರು, "ನೀನು ನಗಬಾರ್ದಿತ್ತು" ಅಂತ.

ಆಮೇಲೆ ಇವ್ರಿಗೆ ಸುರತ್ಕಲ್ಲಿಗೆ ಟ್ರಾನ್ಸ್‌ಫರ್ ಆಗಿ ಈಗ ಆರು ಮಳೆಗಾಲ ಇಲ್ಲೇ ಕಳೆದಾಯ್ತು, ಹಾಗಾಗಿ ಸ್ವಲ್ಪ ಅಧಿಕಾರದಿಂದಲೇ ಹೇಳ್ತೀನಿ. ಇಬ್ರಿಗೂ ಆಗೋ ಹೋಟೆಲ್ ಹುಡುಕ್ಬೇಡಿ. ಮೀನಿನ ಹೋಟೆಲಲ್ಲಿ ವೆಜ್ ಅಂದ್ರೆ ಕಾಟಾಚಾರ, ವೆಜ್ ಹೋಟೆಲಲ್ಲಿ ಅವ್ರ ಮುಖ ಸಪ್ಪೆ. ಜುಲೈ ಮಧ್ಯದಿಂದ ಇಲ್ಲಿ ಆಟಿ, ಅಂದ್ರೆ ತುಳುವರ ಮಳೆಗಾಲದ ತಿಂಗಳು, ಆಗಿನ ಒಳ್ಳೊಳ್ಳೆ ತಿಂಡಿಯಲ್ಲಿ ಅರ್ಧಕ್ಕರ್ಧ ವೆಜ್ಜೇ. ಪತ್ರೊಡೆ, ತಜಂಕ್ ಸೊಪ್ಪಿನ ಪಲ್ಯ, ಎಳೇ ಬಿದಿರಿನ ಕಣಿಲೆ ಜೊತೆ ಮೊಳಕೆ ಹೆಸರುಕಾಳು ಹಾಕಿದ ಗಸಿ (ಕಣಿಲೆ ಹೆಚ್ಚಿ ಎರಡು ಮೂರು ದಿನ ನೀರು ಬದಲಾಯ್ಸ್ತಾ ನೆನೆಸಿಡ್ಬೇಕು, ಮನೇಲಿ ಟ್ರೈ ಮಾಡೋಕೆ ಹೋಗ್ಬೇಡಿ). ದೊಡ್ಡ ಹೋಟೆಲಲ್ಲಿ ಇವು ಅಪರೂಪ, ಆಟೋದವ್ರನ್ನ ಕೇಳಿ. ಮಟ್ಟುಗುಳ್ಳ (ಉಡುಪಿ ಕಡೆಯ ಗುಂಡು ಬದನೆಕಾಯಿ) ಮಾತ್ರ ಜುಲೈಯಲ್ಲಿ ಕೇಳ್ಬೇಡಿ, ಅದು ಮಳೆ ಮುಗಿದ ಮೇಲಿನ ಬೆಳೆ, ನಾನು ಕೇಳಿ ಬೈಸ್ಕೊಂಡಿದೀನಿ.

ನಿಮ್ಮ ಯಜಮಾನ್ರಿಗೆ ಕೋಳಿ ಇದೆ, ಕೋಳಿಗೆ ನಿಷೇಧ ಇಲ್ಲ. ಕೋರಿ ರೊಟ್ಟಿ (ಗರಿಗರಿ ಅಕ್ಕಿ ರೊಟ್ಟಿ ಮೇಲೆ ಕೋಳಿ ಸಾರು) ತಿನ್ಲಿ, ಕುಂದಾಪುರದವರೆಗೂ ಹೋಗೋದಾದ್ರೆ ಘೀ ರೋಸ್ಟ್ ತಿನ್ಲಿ. ಮೀನೇ ಬೇಕು ಅಂದ್ರೆ ಊರವ್ರು ಮಳೆಗಾಲದಲ್ಲಿ ತಿನ್ನೋ ಮೀನು ತಿನ್ಲಿ, ಒಣಮೀನು, ಒಣ ಸಿಗಡಿ ಚಟ್ನಿ, ಕುಚ್ಚಿಲು ಗಂಜಿ ಜೊತೆ. ಆ ಹೊತ್ತಲ್ಲಿ ನೀವು ಬೇರೆ ಕಡೆ ಹೋಗಿ ಗೋಳಿಬಜೆ ತಿನ್ನಿ, ಒಂದು ಗಂಟೆ ಬಿಟ್ಟು ಗಡ್‌ಬಡ್ ಐಸ್‌ಕ್ರೀಮ್ ಹತ್ರ ಸೇರಿ, ಗಂಡ ಹೆಂಡ್ತಿ ಅಂದ ಮಾತ್ರಕ್ಕೆ ಮೂರು ಹೊತ್ತೂ ಒಂದೇ ಟೇಬಲ್ ಬೇಕಿಲ್ಲ.

ಟಿಕೆಟ್ ಇನ್ನೂ ಆಗಿಲ್ಲ ಅಂದ್ರೆ, ತಾಜಾ ಮೀನೇ ಮುಖ್ಯ ಅಂದ್ರೆ, ಸೆಪ್ಟೆಂಬರ್ ಕೊನೆಗೆ ಹಾಕ್ಕೊಳ್ಳಿ. ಆಗಸ್ಟ್ 1ಕ್ಕೇ ಬಂದ್ರೂ ಪ್ರಯೋಜನ ಇಲ್ಲ, ಬೋಟು ಹೋಗಿ ವಾಪಸ್ ಬರ್ಬೇಕಲ್ಲ. ನಮ್ಮನೆಯವ್ರು ಈಗ ಬುದ್ಧಿವಂತರಾಗಿ ಮೇ ತಿಂಗಳಲ್ಲೇ ಒಣ ಸಿಗಡಿ ತಂದು ಡಬ್ಬಿ ತುಂಬಿಡ್ತಾರೆ, ಡಬ್ಬಿ ಬಾಲ್ಕನಿ ದಾಟಿ ಒಳಗೆ ಬರಕೂಡ್ದು ಅನ್ನೋದು ನನ್ನ ಕಂಡೀಷನ್ನು.